ಏಸಿಗಿಂತ ಮೊದಲು ಪಶ್ಚಿಮದ ಗೋಡೆ ನೋಡಿ

ಪುಣೆಯಲ್ಲಿ ಕಟ್ಟಿಸುವ ಮನೆಯ ಮೂರೂ ರೂಮಿಗೆ ಏಸಿ ಬೇಕಾ ಅಂತ ಕೇಳಿದ್ದೀರಿ ಸಾರ್. ಏಸಿಗೆ ಕರೆಂಟು ಪಾಯಿಂಟ್ ಮಾತ್ರ ಬಿಡಿಸಿಡಿ, ಮಷೀನು ಆಮೇಲೆ. ಇಲ್ಲೇ ಪುಣೆಯ ಹಡಪಸರದಲ್ಲಿ ನಾವು ಪಶ್ಚಿಮಕ್ಕೇ ಬೆಡ್‌ರೂಮ್ ಇಟ್ಟು ಕೆಟ್ಟೆವು. ಏಪ್ರಿಲ್‌ನಲ್ಲಿ ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ದೋಸೆ ಕಾವಲಿ! ಆ ಕಡೆ ಮೆಟ್ಟಿಲು, ಬಚ್ಚಲು ಬರಲಿ.

ಮೇ ಮಧ್ಯದಲ್ಲಿ ಇಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಜಾಸ್ತಿ ಕಾಯುವುದು ತಾರಸಿಯೇ. ಅದರ ಮೇಲೆ ಬಿಳಿ ಚೈನಾ ಮೊಸಾಯಿಕ್, ಅಂದರೆ ಟೈಲ್ ಚೂರುಗಳ ಹಾಸು, ಹಾಕಿಸಿ. ಫ್ಯಾನು ಬಿಎಲ್‌ಡಿಸಿ (ಕಡಿಮೆ ಕರೆಂಟು ಎಳೆಯುವ ಮೋಟಾರಿನದು) ಇರಲಿ: ಅದು ಸುಮಾರು 30 ವ್ಯಾಟ್, ಹಳೆಯ ತರದ್ದು 75.

3 ಕಿಲೋವ್ಯಾಟ್ ಸೋಲಾರ್‌ಗೆ ಕೇಂದ್ರ ಸರ್ಕಾರದ 2024ರ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ. ನೀರಿನ ಟ್ಯಾಂಕು ಮಾತ್ರ ಪ್ಯಾನೆಲ್‌ಗಳ ದಕ್ಷಿಣಕ್ಕೆ ಬೇಡ, ನೆರಳು ಬೀಳುತ್ತದೆ. ವಾಸ್ತುವಿನವರು ನೈಋತ್ಯಕ್ಕೇ ಇಡಿ ಅನ್ನುತ್ತಾರೆ, ಅಲ್ವಾ? ನಮ್ಮ ಮನೆಯಲ್ಲಿ ಆ ಜಗಳ ಒಂದು ವಾರ ನಡೆಯಿತು.