ಟ್ಯಾಂಕಿನ ಬಸವನಹುಳು: ಕೊಲ್ಲುವ ಮೊದಲು ಟಾರ್ಚ್ ಹಿಡಿದು ನೋಡಿ

ಪ್ರಶ್ನೆ: ನಮ್ಮ ರೀಫ್ ಟ್ಯಾಂಕಿನ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಗಾಜಿನ ಮೇಲೆ ರಾತ್ರಿ ಅಕ್ಕಿ ನುಚ್ಚಿನಷ್ಟು ಸಣ್ಣ ಬಿಳಿ ಬಸವನಹುಳುಗಳು ಓಡಾಡುತ್ತವೆ. ಬೆಳಿಗ್ಗೆ ಒಂದೂ ಕಾಣುವುದಿಲ್ಲ. ಹವಳ ತಿನ್ನುತ್ತವೆ ಎಂದು ಅಂಗಡಿಯವರು ಒಂದು ಬಾಟಲಿ ಔಷಧಿ ಕೊಟ್ಟಿದ್ದಾರೆ. ಹಾಕಲೇನ್ರಿ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮುಚ್ಚಳ ತೆಗೀಬೇಡ್ರಿ. ಇದೇ ಬಾಟಲಿಯ ಕಥೆ ಕೇಳಿ ಕೇಳಿ ಸಾಕಾಗಿದೆ. ಚೀಟಿಯ ಮೇಲೆ ಕಾಪರ್ ಅಂತ ಇದೆಯಾ ನೋಡಿ. ಅದು ಮೀನಿನ ರೋಗಕ್ಕೆ, ಮೀನನ್ನು ಬೇರೆ ಟ್ಯಾಂಕಿಗೆ ಹಾಕಿ ಕೊಡುವ ಔಷಧಿ. ರೀಫ್ ಟ್ಯಾಂಕಿಗೆ ಬಿದ್ದರೆ ಬಸವನಹುಳು ಸಾಯುವುದೇನೋ ನಿಜ, ಜೊತೆಗೆ ಸೀಗಡಿ, ಹವಳ ಎಲ್ಲಾ ಹೋಗುತ್ತವೆ. ತಾಮ್ರ ಕಲ್ಲಿಗೂ ಮರಳಿಗೂ ಹಿಡಿದುಕೊಂಡು, ಆಮೇಲೆ ಮೆಲ್ಲಗೆ ನೀರಿಗೆ ಬಿಡುತ್ತಾ ಇರುತ್ತದೆ. ಅಂಗಡಿಯವರಿಗೆ ಅದು ಗೊತ್ತಿರಬೇಕಿತ್ತು.

ಲೈಟ್ ಆರಿದ ಮೇಲೆ ಒಂದೆರಡು ತಾಸು ಬಿಟ್ಟು ಟಾರ್ಚ್, ಭೂತಕನ್ನಡಿ ಹಿಡಿದು ಕೂರಿ. ಹುಳು ಎಲ್ಲಿ ಕೂತಿದೆ ಅನ್ನುವುದೇ ಮುಖ್ಯ. ಗಾಜಿನ ಮೇಲೆ, ಕಲ್ಲಿನ ಮೇಲೆ ಚದುರಿಕೊಂಡು ಓಡಾಡುತ್ತಿದ್ದು, ಚಿಪ್ಪು ಕುಳ್ಳಗೆ, ದುಂಡಗೆ ಇದ್ದರೆ ಹೆಚ್ಚಾಗಿ ಅದು ಕೊಲೋನಿಸ್ಟಾ. ಅರ್ಧ ಸೆಂಟಿಮೀಟರ್ ಆದರೆ ದೊಡ್ಡದಾಯಿತು. ಒಳಗೆ ಸರಿದಾಗ ಬಾಯಿಗೆ ದುಂಡನೆಯ ಬಿಳಿ ಮುಚ್ಚಳ ಬೀಳುತ್ತದೆ. ಪಾಚಿ ತಿಂದುಕೊಂಡು ಇರುತ್ತದೆ. ನೀವು ದುಡ್ಡು ಕೊಡದೆ ಬಂದ ಕೆಲಸದಾಳು, ಬಿಟ್ಟುಬಿಡಿ.

ಆದರೆ ಹುಳು ಎರಡು ಮೂರು ಮಿಲಿಮೀಟರ್ ಉದ್ದ, ಮೊನಚು, ಪೂರ್ತಿ ಬಿಳಿ ಇದ್ದು, ಪಾಚಿ ತಿನ್ನಲೆಂದು ನೀವು ಸಾಕಿದ ಟ್ರೋಕಸ್ ಅಥವಾ ಟರ್ಬೋ ಎಂಬ ದೊಡ್ಡ ಹುಳದ ಚಿಪ್ಪಿನ ಅಂಚಿಗೆ ಗುಂಪಾಗಿ ಅಂಟಿಕೊಂಡಿದ್ದರೆ ಅದು ಪಿರಮಿಡೆಲಿಡ್. ಸೊಂಡಿಲು ಚುಚ್ಚಿ ದೊಡ್ಡ ಹುಳದ ದೇಹದ ರಸ ಹೀರುತ್ತದೆ. ದೈತ್ಯ ಕಪ್ಪೆಚಿಪ್ಪನ್ನೂ ಬಿಡುವುದಿಲ್ಲ. ಆದರೆ ಹವಳ ಅದರ ಊಟವಲ್ಲ! ಅಂಟಿಸಿಕೊಂಡ ದೊಡ್ಡ ಹುಳವನ್ನು ಎತ್ತಿ, ಟ್ಯಾಂಕಿನದೇ ನೀರು ತುಂಬಿದ ಬಟ್ಟಲಿನಲ್ಲಿ ಮೆತ್ತನೆಯ ಟೂತ್‌ಬ್ರಶ್‌ನಿಂದ ಉಜ್ಜಿ. ಚಿಪ್ಪಿನ ಮೇಲೆ ಲೋಳೆಯಂಥ ಸಣ್ಣ ಗುಡ್ಡೆ ಕಂಡರೆ ಅದು ಮೊಟ್ಟೆ, ಅದನ್ನೂ ಕೆರೆಯಿರಿ. ಆ ನೀರನ್ನು ವಾಪಸ್ ಹಾಕಬೇಡಿ. ಕೆಲವು ವಾರ ಬಿಡದೆ ಮಾಡಬೇಕು. ಒಂದು ಸಲ ಉಜ್ಜಿ "ಹೋಗಲಿಲ್ಲ ಸರ್" ಅಂತ ಬರೆಯಬೇಡಿ.

ಚಿಪ್ಪಿನ ಬಾಯಿ ದುಂಡಗಿದ್ದರೆ ಒಳ್ಳೆಯದು, ತುದಿಯಲ್ಲಿ ಕೊಳವೆಯಂಥ ಸೀಳಿದ್ದರೆ ಮಾಂಸ ತಿನ್ನುವ ಜಾತಿ ಎಂದು ಹೇಳಿಕೊಡುವವರಿದ್ದಾರೆ. ಬೇಟೆಯಾಡುವ ಡ್ರಿಲ್, ವ್ಹೆಲ್ಕ್ ಹುಳುಗಳ ವಿಷಯದಲ್ಲಿ ಸರಿ. ಆದರೆ ಮರಳಲ್ಲಿ ಹೂತುಕೊಂಡು ಸತ್ತದ್ದನ್ನು ತಿನ್ನುವ ನಾಸಾರಿಯಸ್‌ಗೂ ಸೀಳಿದೆ, ಅದು ಬೇಕಾದದ್ದು. ಪಾಚಿ ತಿನ್ನುವ ಸೆರಿತ್‌ಗೂ ಇದೆ, ಅದೂ ಬೇಕು. ಪಿರಮಿಡೆಲಿಡ್‌ಗೆ ಸೀಳೇ ಇಲ್ಲ! ಆದ್ದರಿಂದ ಬಾಯಿ ನೋಡಿ ತೀರ್ಪು ಕೊಡಬೇಡಿ, ಎಲ್ಲಿ ಕೂತು ಏನು ತಿನ್ನುತ್ತಿದೆ ನೋಡಿ. ಚಪ್ಪಟೆ ಸುರುಳಿ, ಮೇಲೆ ಚೌಕುಳಿ ಗೆರೆ ಇರುವ ಹುಳು ಝೋವಾಂಥಿಡ್ (ಹವಳದ ನೆಂಟ, ಗುಂಪಾಗಿ ಬೆಳೆಯುವ ಜೀವಿ) ನಡುವೆ ಸಿಕ್ಕರೆ ಮಾತ್ರ ಯೋಚಿಸದೆ ತೆಗೆಯಿರಿ. ಅದು ಸನ್‌ಡಯಲ್, ಝೋವಾಂಥಿಡ್ ತಿನ್ನುವುದೇ ಅದರ ಕೆಲಸ.

ಪ್ರಶ್ನೆ: ಬಸವನಹುಳು ಸಾಯಲಿ ಎಂದು ಮೇಲೆ ಉಪ್ಪು ಹಾಕಬಹುದಾ?
– ಬೆಟಗೇರಿ, ಗದಗ

ಉತ್ತರ: ಉಪ್ಪುನೀರಲ್ಲೇ ಹುಟ್ಟಿದ್ದಕ್ಕೆ ಚಿಟಿಕೆ ಉಪ್ಪಿನ ಹೆದರಿಕೆಯೇ? ಅದು ಕೈತೋಟದ ಹುಳುವಿಗೆ ಮಾಡುವ ಉಪಾಯ.

ಪ್ರಶ್ನೆ: ಕಾರವಾರದ ಬೀಚಿನಿಂದ ಸಿಕ್ಕ ಹುಳು ತಂದು ಬಿಡಬಹುದಾ?
– ಹಾವೇರಿ

ಉತ್ತರ: ಬೇಡ. ಬಾಯಿ ಉದ್ದನೆಯ ಸಣ್ಣ ಸೀಳಾಗಿದ್ದು, ಶಂಕುವಿನಾಕಾರದ ಚಿಪ್ಪಿದ್ದರೆ ಮುಟ್ಟಲೂ ಬೇಡಿ. ಕೋನ್ ಜಾತಿಯ ಹುಳು ವಿಷದ ಮುಳ್ಳು ಚುಚ್ಚುತ್ತದೆ, ಅದರಲ್ಲೊಂದು ಜಾತಿ ಮನುಷ್ಯರನ್ನೇ ಕೊಂದಿದೆ.

ಪ್ರಶ್ನೆ: ಬೇಸಿಗೆಯಲ್ಲಿ ಟರ್ಬೋ ಒಂದೊಂದಾಗಿ ಸಾಯುತ್ತಿವೆ. ದಿನಾ ಇಂಗಿದ ನೀರಿಗೆ ಬದಲು ಹೊಸ ಉಪ್ಪುನೀರು ತುಂಬುತ್ತೇನೆ.
– ಸಪ್ತಾಪುರ, ಧಾರವಾಡ

ಉತ್ತರ: ಉತ್ತರ ನೀವೇ ಬರೆದಿದ್ದೀರಿ. ಏಪ್ರಿಲ್ ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಮತ್ತೆ ಮತ್ತೆ ಉಪ್ಪುನೀರು ಸುರಿದರೆ ಉಪ್ಪು ಜಾಸ್ತಿ ಆಗುತ್ತಾ ಹೋಗುತ್ತದೆ, ಹುಳು ಅದನ್ನು ತಾಳುವುದಿಲ್ಲ. ಇಂಗಿದ ಜಾಗಕ್ಕೆ ಬರೀ ಆರ್‌ಓ ನೀರು ಹಾಕಿ, ಟ್ಯಾಂಕಿನ ನೀರಿನ ಸಾಂದ್ರತೆ 1.025ರ ಆಸುಪಾಸು ಇರಲಿ. ಈಗಾಗಲೇ ಏರಿದ್ದರೆ ಒಂದೇ ದಿನ ಇಳಿಸಬೇಡಿ, ಸ್ವಲ್ಪ ಸ್ವಲ್ಪವೇ ಇಳಿಸಿ. ಬೋರ್‌ವೆಲ್ ನೀರನ್ನಂತೂ ಹಾಕಲೇಬೇಡಿ.