ಆಕ್ಸಲ್ ಬದಲಾಯಿತು, ಶಾಫ್ಟ್ ಗಿಡ್ಡವಾಯಿತು

ಪ್ರಶ್ನೆ: ಪಿಕಪ್‌ಗೆ ಬೇರೆ ಹಿಂದಿನ ಆಕ್ಸಲ್ ಕೂರಿಸಿದ್ದೇವೆ. ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಒಂದೇ ತುಂಡಿನ ಪ್ರೊಪೆಲ್ಲರ್ ಶಾಫ್ಟ್ 2 ಇಂಚು ಗಿಡ್ಡ. ನಡುವೆ ತುಂಡು ಸೇರಿಸಿ ವೆಲ್ಡ್ ಮಾಡಿಸಬಹುದೇ?
— ಓದುಗರು, ಬೈಕಂಪಾಡಿ, ಮಂಗಳೂರು

ಉತ್ತರ: ದಯವಿಟ್ಟು ಬೇಡ. ಬೆಸುಗೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಪೂರ್ತಿ ಹೊಸ ಪೈಪನ್ನೇ ಹಾಕಿಸಿ.

ಅಳತೆ ತೆಗೆಯುವಾಗ ಗಾಡಿ ಜಾಕ್ ಮೇಲಿರಬಾರದು, ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಸ್ಲಿಪ್ ಯೋಕನ್ನು (ಶಾಫ್ಟಿನ ಮುಂತುದಿಯ ಜಾರುವ ಕವಲು) ಗೇರ್‌ಬಾಕ್ಸಿನೊಳಗೆ ಪೂರ್ತಿ ತಳ್ಳಿ, 20–25 ಮಿ.ಮೀ. ಹೊರಗೆಳೆದು, ಎರಡು ಕ್ರಾಸ್‌ಗಳ (ಶಾಫ್ಟಿನ ಎರಡು ತುದಿಯಲ್ಲಿ ಬಾಗುವ ಕೀಲುಗಳ) ನಡುಮಧ್ಯದ ಅಂತರ ಅಳೆಯಿರಿ. ಇಷ್ಟು ಜಾಗ ಬಿಡದಿದ್ದರೆ ಹೊಂಡದಲ್ಲಿ ಹಿಂಬದಿ ಕುಸಿದಾಗ ಶಾಫ್ಟ್ ಗೇರ್‌ಬಾಕ್ಸನ್ನೇ ಗುದ್ದುತ್ತದೆ.

ಎರಡೂ ತುದಿಯ ಯೋಕ್ ಒಂದೇ ನೇರಕ್ಕಿರಲಿ. ಗೇರ್‌ಬಾಕ್ಸ್ ಶಾಫ್ಟೂ ಪಿನಿಯನ್ನೂ (ಪ್ರೊಪೆಲ್ಲರ್ ಶಾಫ್ಟ್ ಸೇರುವ ಆಕ್ಸಲಿನ ಗೇರ್ ದಂಡ) ಸಮಾಂತರವಾಗಿರಬೇಕು. ಕ್ರಾಸ್‌ನ ಕೋನ 1ರಿಂದ 3 ಡಿಗ್ರಿ ಸಾಕು. ಪಿನಿಯನ್ ಓರೆಯಿದ್ದರೆ ಸ್ಪ್ರಿಂಗ್ ಪ್ಲೇಟಿಗೂ ಆಕ್ಸಲಿಗೂ ನಡುವೆ ಉಕ್ಕಿನ ಬೆಣೆ ಕೊಡಿ, ಇಲ್ಲವಾದರೆ ಹೆದ್ದಾರಿಯಲ್ಲಿ ನಡುಕ ಬಂದು ಕ್ರಾಸ್ ಬೇಗ ಸವೆಯುತ್ತದೆ. ವೆಲ್ಡ್ ಆದಮೇಲೆ ಮೆಷಿನ್‌ನಲ್ಲಿ ಬ್ಯಾಲೆನ್ಸ್ ಮಾಡಿಸದೆ ಶಾಫ್ಟ್ ಕಟ್ಟಬೇಡಿ.