ಮಾಲಿ ಪಾಟೀಲರಿಗೂ ಮಾಳಿಯವರಿಗೂ ಏನು ಸಂಬಂಧ?

ನಿಮ್ಮ ಆಫೀಸಿನವರೊಬ್ಬರ ಅಡ್ಡಹೆಸರು ನೋಡಿ ಇದನ್ನು ಕೇಳಿದ್ದೀರಿ. ಸಂಬಂಧ ಏನೂ ಇಲ್ಲ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತಾರೆ, ಗೊಂದಲ ಆಗುವುದು ಅಲ್ಲೇ. ಬೆಂಗಳೂರು, ಮೈಸೂರು ಕಡೆಯವರಿಗೆ 'ಮಾಲಿ' ಅಂದ ಕೂಡಲೇ ಪಾರ್ಕಿನಲ್ಲಿ ಗಿಡಕ್ಕೆ ನೀರು ಬಿಡುವವನು ನೆನಪಾಗುತ್ತಾನೆ. ಹಾಗಾಗಿ ಮಾಲಿ ಪಾಟೀಲ ಅಂದ್ರೆ ತೋಟಗಾರರ ಯಜಮಾನ ಅಂದುಕೊಂಡಿರಿ, ಅಲ್ವಾ? ಅಲ್ಲ ರೀ.

ಕಲಬುರಗಿ ಜಿಲ್ಲೆಯ ನಮ್ಮ ಆಳಂದ ಕಡೆ ಮಾಲಿ ಪಾಟೀಲ ಅನ್ನುವ ಅಡ್ಡಹೆಸರು ಬಹಳ. ಇದು ಹೈದರಾಬಾದ್ ನಿಜಾಮರ ಕಾಲದ್ದು. ಆಗ ಸರ್ಕಾರಿ ಭಾಷೆ ಉರ್ದು. ಉರ್ದುವಿನಲ್ಲಿ 'ಮಾಲ್' ಅಂದರೆ ಸೊತ್ತು, ಸರಕು, ಜೊತೆಗೆ ಕಂದಾಯ ಕೂಡ. ಭೂಕಂದಾಯಕ್ಕೆ ಮಾಲ್‌ಗುಜಾರಿ ಅಂತಲೇ ಹೆಸರು. ಕಲಬುರಗಿ ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ತೊಗರಿ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ಕಾಳು ಅಂಗೈಯಲ್ಲಿ ಉರುಳಿಸಿ ನೋಡಿ 'ಮಾಲ್ ಛಲೋ ಅದ' ಅನ್ನುತ್ತಾರಲ್ಲ, ಅದೇ ಮಾಲ್. ಊರಿನ ಕಂದಾಯ ವಸೂಲಿ ಮಾಡಿ ಸರ್ಕಾರಕ್ಕೆ ಮುಟ್ಟಿಸುವವನು ಮಾಲಿ ಪಾಟೀಲ. ಕಳ್ಳತನ, ಹೊಡೆದಾಟ, ಕೊಲೆ ಆದರೆ ಠಾಣೆಗೆ ಸುದ್ದಿ ಕೊಡುವವನು ಪೊಲೀಸ್ ಪಾಟೀಲ. ಹೊಲದ ಲೆಕ್ಕ ಬರೆಯುವವನು ಪಟವಾರಿ, ಅಂದರೆ ನಿಮ್ಮ ಕಡೆಯ ಶಾನುಭೋಗ. ಮೂರೂ ಅಪ್ಪನಿಂದ ಮಗನಿಗೆ ಬರುವ ಕೆಲಸ. ಜಾತಿ ಮಾತ್ರ ಇದರಿಂದ ಗೊತ್ತಾಗಲ್ಲ, ಪಾಟೀಲರು ಲಿಂಗಾಯತರಲ್ಲೂ ಇದ್ದಾರೆ, ಬ್ರಾಹ್ಮಣರಲ್ಲೂ ಇದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಮೇಲೆ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ ಬಂತು, ಪಾಟೀಲಕಿ ಹೋಯಿತು. ಹೆಸರು ಮಾತ್ರ ಆಧಾರ್ ಕಾರ್ಡಿನ ತನಕ ಬಂದಿದೆ. ಇನ್ನೊಂದು ಮಜಾ ಇದೆ. ನಮ್ಮಿಂದ ಗಡಿ ದಾಟಿ ಮಹಾರಾಷ್ಟ್ರದ ಉಮರ್ಗಾ ಕಡೆ ಹೋದರೆ ಪೊಲೀಸ್ ಪಾಟೀಲ ಇವತ್ತಿಗೂ ಸರ್ಕಾರ ನೇಮಿಸುವ ಹುದ್ದೆ, ಮಹಾರಾಷ್ಟ್ರದವರು 1967ರ ಕಾಯ್ದೆಯಲ್ಲಿ ಅದನ್ನು ಉಳಿಸಿಕೊಂಡಿದ್ದಾರೆ, ಆದರೆ ಮನೆತನಕ್ಕೆ ಬರುವುದಿಲ್ಲ, ಅರ್ಜಿ ಹಾಕಬೇಕು. ಹೀಗಾಗಿ ಅಲ್ಲಿ ಅದು ಕೆಲಸ, ಇಲ್ಲಿ ಸುಮ್ನೆ ಅಡ್ಡಹೆಸರು. ಪೊಲೀಸ್ ಪಾಟೀಲ ಅನ್ನುವ ಅಡ್ಡಹೆಸರಿನ ಮೇಷ್ಟ್ರಿಗೆ ಬೆಂಗಳೂರಲ್ಲಿ 'ಯಾವ ಸ್ಟೇಷನ್ ಸರ್?' ಅಂತ ಕೇಳಿದರೆ ಅವರಾದರೂ ಏನು ಹೇಳಬೇಕು, ಪಾಪ!

ಇನ್ನು ಮಾಳಿ. ಅದು ಹೂವು, ಕಾಯಿಪಲ್ಲೆ ಬೆಳೆಯುವ ಸಮುದಾಯದ ಹೆಸರು, ಮರಾಠಿಯಲ್ಲೂ ಮಾಳಿ ಅಂತಲೇ ಕರೆಯುತ್ತಾರೆ. ಹೂವಿನ ಮಾಲೆಯಿಂದ ಬಂದದ್ದು, ಕಂದಾಯದ ಗೊಡವೆಯೇ ಇಲ್ಲ. ನಿಮ್ಮ ಆಫೀಸಿನವರದ್ದು ಯಾವುದು ಅಂತ ತಿಳಿಯಬೇಕಾದರೆ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿ ಅನ್ನಿ. 'ಲ' ಇದೆಯೋ 'ಳ' ಇದೆಯೋ ನೋಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ.